ಮಲೆನಾಡಿನ ಮಳೆಯಲ್ಲಿ ಕಸ್ಟಮ್ ಪದ್ಮಿನಿ: ನಾಲ್ಕು ವರ್ಷದ ನಂತರ

ಕಾರು ಪ್ರೀಮಿಯರ್ ಪದ್ಮಿನಿ, 1978ರ ಮಾಡೆಲ್. ಮೂಡಿಗೆರೆ ಕಡೆಯ ಕಾಫಿ ತೋಟದ ಶೆಡ್‌ನಲ್ಲಿ ನಿಂತಿದ್ದನ್ನು ಕೊಂಡು, ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದೆ. ಚಿಕ್ಕಮಗಳೂರು ಪೇಟೆ, ಆಲ್ದೂರು, ಬಾಳೆಹೊನ್ನೂರು, ಆಗಾಗ ಚಾರ್ಮಾಡಿ ಇಳಿದು ಉಜಿರೆ ಅಂತ ನಾಲ್ಕು ಮಳೆಗಾಲದಿಂದ ಓಡಿಸುತ್ತಿದ್ದೇನೆ. ನೋಡಿದವರೆಲ್ಲ ಕೇಳುವುದು ಒಂದೇ: ಎಷ್ಟು ಖರ್ಚಾಯಿತು?

ಕಾರಿಗೆ ಕೊಟ್ಟಿದ್ದು ಒಂದು ಲಕ್ಷದ ಆಸುಪಾಸು. ಗ್ಯಾರೇಜ್‌ನವರು ಹೇಳಿದ ಅಂದಾಜು ಮೂರು ಲಕ್ಷ. ಕೊನೆಗೆ ಗ್ಯಾರೇಜ್ ಕೆಲಸಕ್ಕೇ ಆರು ಲಕ್ಷ ದಾಟಿತು. ನಾಲ್ಕೈದು ತಿಂಗಳು ಅಂದಿದ್ದ ಕೆಲಸ ಒಂದೂವರೆ ವರ್ಷ ಎಳೆಯಿತು.

ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದಿದ್ದು ತಗಡು. ಪದ್ಮಿನಿಗೆ ಬೇರೆ ಚಾಸಿ (ಕಾರಿನ ಭಾರ ಹೊರುವ ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ನೆಲದ ತಗಡು ಮತ್ತು ಬಾಗಿಲ ಕೆಳಗಿನ ಭಾಗ ತುಕ್ಕು ಹಿಡಿದರೆ ಇಡೀ ಕಾರಿನ ಬಲವೇ ಹೋಗುತ್ತದೆ. ಡ್ರೈವರ್ ಕಾಲಿಡುವ ಜಾಗದ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿತ್ತು. ಮಡ್‌ಗಾರ್ಡ್ ಮೇಲೆ ಅಯಸ್ಕಾಂತ ಇಟ್ಟರೆ ಅಂಟಲೇ ಇಲ್ಲ, ಬಣ್ಣದ ಒಳಗೆಲ್ಲ ತಗಡಿನ ಬದಲು ತೂತು ಮುಚ್ಚಲು ಮೆತ್ತುವ ಪುಟ್ಟಿ. ನಮ್ಮ ಕಡೆ ಮಳೆಗೆ ನಿಂತ ಹಳೇ ಕಾರು ಯಾವುದಾದರೂ ಸರಿ, ಎಂಜಿನ್ ಶಬ್ದ ಕೇಳುವ ಮೊದಲು ಈ ಎರಡು ಪರೀಕ್ಷೆ ಮಾಡಿ.

ಗ್ಯಾರೇಜ್‌ನ ಟಿಂಕರಿಂಗ್, ಅಂದರೆ ತಗಡಿನ ಕೆಲಸ ಒಳ್ಳೆಯದು. ವೆಲ್ಡಿಂಗ್ ಇವತ್ತಿಗೂ ಒಂದು ಕಡೆ ಬಿಟ್ಟಿಲ್ಲ. ನನ್ನ ತಕರಾರು ಬೇರೆ. ಅಡ್ವಾನ್ಸ್ ಕೈಗೆ ಬಂದ ಮೇಲೆ ಕಾರು ಮೂಲೆ ಸೇರಿತು. ಇನ್ಶೂರೆನ್ಸ್ ಕೆಲಸದ ಗಾಡಿ ಬಂದಾಗಲೆಲ್ಲ ಟಿಂಕರ್ ಆ ಕಡೆ ಹೋಗುತ್ತಿದ್ದರು. ಅಲ್ಲಿ ದುಡ್ಡು ಬೇಗ ಬರುತ್ತದೆ, ಅದು ಅರ್ಥ ಆಗುತ್ತದೆ. ಆದರೆ ತಿಂಗಳುಗಟ್ಟಲೆ ಫೋನ್ ಎತ್ತದಿದ್ದರೆ ಹೊಟ್ಟೆ ಉರಿಯುವುದಿಲ್ವಾ? ಬಿಚ್ಚಿಟ್ಟ ಹ್ಯಾಂಡಲ್, ಗಾಜಿನ ಬೀಡಿಂಗ್ (ಗಾಜಿನ ಸುತ್ತ ನೀರು ತಡೆಯುವ ರಬ್ಬರ್ ಪಟ್ಟಿ) ಕಳೆದುಹೋದವು. ಅವನ್ನು ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಅಂಗಡಿ ಎಲ್ಲಾ ಅಲೆದೆ. ಸಿಕ್ಕಿದ ಬೀಡಿಂಗ್ ಹೊಸದೇ, ಆದರೆ ರಬ್ಬರ್ ಗಟ್ಟಿ. ಮೊದಲ ಜೂನ್‌ನಲ್ಲೇ ನೀರು ಗಾಜಿನ ಮೂಲೆಯಿಂದ ಇಳಿದು ಕ್ಲಚ್ ಮೇಲಿಟ್ಟ ಕಾಲಿಗೆ ತೊಟ್ಟಿಕ್ಕಿತು. ಹಂತ ಹಂತವಾಗಿ ಕೆಲಸ ನೋಡಿ ದುಡ್ಡು ಕೊಡಿ. ಬಿಚ್ಚಿದ ಸಾಮಾನನ್ನು ಮನೆಗೆ ತಂದಿಟ್ಟುಕೊಳ್ಳಿ.

ಹಾಕಿಸಿದ ಬದಲಾವಣೆಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಮುಂದಿನ ಡಿಸ್ಕ್ ಬ್ರೇಕ್. ಮೊದಲು ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಅಂದರೆ ಮುಚ್ಚಿದ ಡಬ್ಬಿಯೊಳಗೆ ಹಿಡಿಯುವ ಹಳೇ ಬಗೆ ಇತ್ತು. ಘಾಟಿ ಇಳಿಯುವಾಗ ಡ್ರಮ್ ಬಿಸಿಯಾದರೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಾಲುವುದಿಲ್ಲ. ಬೇರೆ ಕಾರಿನ ಡಿಸ್ಕ್ ಕೂರಿಸಲು ಲೇತ್‌ನಲ್ಲಿ ಬ್ರಾಕೆಟ್ ಮಾಡಿಸಬೇಕಾಯಿತು. ಖರ್ಚು ಜಾಸ್ತಿಯೇ, ಆದರೂ ಕೊಡಬೇಕಾದ ದುಡ್ಡು ಅದು. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆಸಿ, ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿದ್ದೂ ಸಾರ್ಥಕ. ಮಂಜಿನಲ್ಲಿ ಲೈಟು, ವೈಪರ್ ಎರಡೂ ಓಡುತ್ತಿದ್ದರೂ ಬ್ಯಾಟರಿ ಇಳಿಯುವುದಿಲ್ಲ.

ಎ.ಸಿ. ಬೇಡ. ಇರುವುದು 1089 ಸಿಸಿ ಎಂಜಿನ್, 40ರ ಆಸುಪಾಸಿನ ಎಚ್‌ಪಿ. ಮುಳ್ಳಯ್ಯನಗಿರಿ ಏರಿನಲ್ಲಿ ಅದಕ್ಕೆ ಕಾರಿನ ಭಾರವೇ ಸಾಕು.

'ಡೀಸೆಲ್ ಎಂಜಿನ್ ಕೂರಿಸೋಣ ಸಾರ್' ಅಂತ ಮೇಸ್ತ್ರಿ ಬಹಳ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು (ನೋಂದಣಿ ಪತ್ರ) 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಒಪ್ಪಿಗೆ ಇಲ್ಲದೆ ಬದಲಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಬ್ರೇಕ್ ಬದಲಿಸುವುದಾದರೂ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ, ಬಾಡಿ ಮತ್ತು ಎಂಜಿನ್ ಬದಲಾಗದ ಗಾಡಿಗಳಿಗೆ. ಆ ನೋಂದಣಿ ಮಾಡಿಸಿದರೆ ದಿನಾ ಓಡಿಸುವಂತಿಲ್ಲ. ನನ್ನಂಥವರಿಗೆ ಅದು ಪ್ರಯೋಜನವಿಲ್ಲ.

ಈಗಿನ ತಲೆನೋವು ಪೆಟ್ರೋಲ್. 20 ಪರ್ಸೆಂಟ್ ಎಥೆನಾಲ್ (ಕಬ್ಬು, ಧಾನ್ಯದಿಂದ ತೆಗೆಯುವ ಆಲ್ಕೋಹಾಲ್) ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೇ ರಬ್ಬರ್ ಪೈಪ್‌ಗಳು ಮೆತ್ತಗಾಗಿ ಜಿನುಗತೊಡಗಿದವು. ಫ್ಯೂಯೆಲ್ ಪಂಪ್‌ನ ಡಯಾಫ್ರಾಮ್ (ಪೆಟ್ರೋಲ್ ತಳ್ಳುವ ತೆಳು ಪೊರೆ) ಕೂಡ ಬದಲಿಸಬೇಕಾಯಿತು. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕಾರು ವಾರಗಟ್ಟಲೆ ಸುಮ್ನೆ ನಿಂತರೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕೆಡುತ್ತದೆ. ಎಥೆನಾಲ್ ತಡೆಯುವ ಪೈಪ್ ಕೇಳಿ ತಂದು ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆಯಾದರೂ ಓಡಿಸಿ.