ಟಿಪಿ-ಲಿಂಕ್ ಎಲ್‌ಎಸ್1005ಜಿ: ಗೋಡೆಯಲ್ಲಿ ಲ್ಯಾನ್ ಪಾಯಿಂಟ್ ಇದ್ದವರಿಗೆ ಇಷ್ಟು ಸಾಕು

ನಿಮ್ಮ ಫ್ಲಾಟಿನ ರೂಮುಗಳಲ್ಲಿ ಸ್ವಿಚ್‌ಬೋರ್ಡ್ ಪಕ್ಕ ಟೆಲಿಫೋನ್ ಸಾಕೆಟ್‌ಗಿಂತ ಸ್ವಲ್ಪ ಅಗಲದ ಒಂದು ಚೌಕ ಸಾಕೆಟ್ ಇದೆಯಾ? ಅದೇ ಲ್ಯಾನ್ ಪಾಯಿಂಟ್, ವೈರ್ ಇಂಟರ್ನೆಟ್‌ಗೆ ಇರುವ ಸಾಕೆಟ್. ಇದ್ದರೆ ಮನೆ ತುಂಬ ಹಲವು ವೈಫೈ ಡಬ್ಬಿ ಇಡುವ ಮೆಶ್ ವೈಫೈ ಅಂತ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಇದನ್ನು ಓದಿ. ನಾನು ತಂದಿದ್ದು ಐದು ಪೋರ್ಟಿನ ಈ ಗಿಗಾಬಿಟ್ ಸ್ವಿಚ್, ಅಂದರೆ ಒಂದು ಇಂಟರ್ನೆಟ್ ಲೈನನ್ನು ಹಲವು ಕೇಬಲ್‌ಗಳಿಗೆ ಹಂಚುವ ಡಬ್ಬಿ, ಬೆಲೆ ಸಾವಿರದ ಆಸುಪಾಸು. ಅದರ ಜೊತೆ ಕ್ರಿಂಪಿಂಗ್, ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವ ಕೂಲಿ. ಈಗ ಮೂರೂ ರೂಮಿನಲ್ಲಿ ವೈರ್ ಇಂಟರ್ನೆಟ್ ಇದೆ.

ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳ ಕಥೆ ಒಂದೇ. ಫೈಬರ್ ಬಂದು ಕೂರುವುದು ಹಾಲ್‌ನಲ್ಲಿ, ಟಿವಿ ಹತ್ತಿರ. ಕೆಲಸ ಮಾಡುವ ರೂಮು ಮನೆಯ ಇನ್ನೊಂದು ತುದಿಗೆ. ನಡುವೆ ಎರಡು ಕಾಂಕ್ರೀಟ್ ಗೋಡೆ, 5 ಗಿಗಾಹರ್ಟ್ಸ್ ವೈಫೈ ಅಲ್ಲಿಗೆ ತಲುಪುವಷ್ಟರಲ್ಲಿ ಸುಸ್ತು. ಬಿಲ್ಡರ್ ರೂಮಿಗೊಂದು ಲ್ಯಾನ್ ಪಾಯಿಂಟ್ ಕೊಟ್ಟಿರುತ್ತಾನೆ, ಆದರೆ ಕೇಬಲ್ ಚುಚ್ಚಿದರೆ ಏನೂ ಬರಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ ಎಷ್ಟೋ ಜನ ಅದು ಕೆಟ್ಟಿದೆ ಅಂದುಕೊಂಡು ಅದರ ಮುಂದೆ ಸೋಫಾ ಇಟ್ಟುಬಿಟ್ಟಿದ್ದಾರೆ. ಕೆಟ್ಟಿಲ್ಲ ಸ್ವಾಮಿ, ಯಾವುದಕ್ಕೂ ಸೇರಿಸಿಲ್ಲ ಅಷ್ಟೇ. ಎಲ್ಲಾ ರೂಮಿನ ಕೇಬಲ್‌ಗಳೂ ಮುಖ್ಯ ಬಾಗಿಲ ಹಿಂದಿನ ಸಣ್ಣ ಬಾಕ್ಸ್‌ಗೆ ಬಂದು, ತುದಿಗೆ ಕನೆಕ್ಟರ್ ಕೂಡ ಇಲ್ಲದೆ ಸುಮ್ನೆ ನೇತಾಡುತ್ತಿರುತ್ತವೆ.

ಕೆಲಸ ಸರಳ. ರೂಟರ್‌ನ ಲ್ಯಾನ್ ಪೋರ್ಟಿನಿಂದ ಒಂದು ಗಿಡ್ಡ ಕೇಬಲ್ ಹಾಲ್‌ನ ಪಾಯಿಂಟಿಗೆ. ಆ ಪಾಯಿಂಟಿನ ಕೇಬಲ್‌ನ ಇನ್ನೊಂದು ತುದಿ ಬಾಕ್ಸ್‌ನಲ್ಲಿದೆಯಲ್ಲ, ಅದನ್ನು ಸ್ವಿಚ್‌ಗೆ ಹಾಕಿ, ಮಿಕ್ಕ ರೂಮಿನ ಕೇಬಲ್‌ಗಳನ್ನೂ ಅದೇ ಸ್ವಿಚ್‌ಗೆ ಹಾಕಿ. ರೂಟರ್ ಹಾಲ್‌ನಲ್ಲೇ ಇರಲಿ, ಕಬ್ಬಿಣದ ಬಾಕ್ಸ್ ಒಳಗೆ ಇಟ್ಟರೆ ಇರುವ ವೈಫೈಯೂ ಹೋಗುತ್ತದೆ. ಆದರೆ ಮೊದಲು ಒಂದು ಸಾಕೆಟ್ ಪ್ಲೇಟ್ ಬಿಚ್ಚಿ ನೋಡಿ. ಕೇಬಲ್ ಮೇಲೆ ಕ್ಯಾಟ್5ಇ ಅಥವಾ ಕ್ಯಾಟ್6 ಅಂತ ಬರೆದಿದ್ದು, ಒಳಗೆ ಎಂಟು ಎಳೆ ಇದ್ದರೆ ಸಾಕು, ಎರಡೂ 100 ಮೀಟರ್‌ವರೆಗೆ 1 ಜಿಬಿಪಿಎಸ್ (ಗಿಗಾಬಿಟ್, ಅಂದರೆ 1000 ಎಂಬಿಪಿಎಸ್) ತಡೆದುಕೊಳ್ಳುತ್ತವೆ. ಒಂದು ರೂಮಿನಿಂದ ಇನ್ನೊಂದಕ್ಕೆ ಟೆಲಿಫೋನ್ ಥರ ಸರಪಳಿ ಎಳೆದಿದ್ದರೆ ಮಾತ್ರ ಈ ಲೆಕ್ಕ ನಡೆಯಲ್ಲ.

ಇನ್ನು ಕ್ರಿಂಪಿಂಗ್, ಎಡವಟ್ಟಾಗುವುದೇ ಇಲ್ಲಿ. ಮೊದಲು ಬಂದ ಎಲೆಕ್ಟ್ರಿಷಿಯನ್ 'ಇಂಟರ್ನೆಟ್‌ಗೆ ನಾಲ್ಕು ವೈರ್ ಸಾಕು ಸಾರ್' ಅಂತ ಬೇಗ ಬೇಗ ಮುಗಿಸಿ ಹೋದರು. ನೆಟ್ ಬಂತು. ಆದರೆ 300 ಎಂಬಿಪಿಎಸ್ ಪ್ಲಾನಿಗೆ ರೂಮಿನಲ್ಲಿ 94ರ ಮೇಲೆ ಏಳಲೇ ಇಲ್ಲ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ ಇದ್ದರೆ ಆಯಿತು. ಗಿಗಾಬಿಟ್‌ಗೆ ಎಂಟೂ ಬೇಕು. ಆಮೇಲೆ ಏರಿಯಾದಲ್ಲಿ ಸಿಸಿಟಿವಿ ಹಾಕುವ ಹುಡುಗನನ್ನು ಕರೆಸಿದೆ. ಅವನ ಹತ್ತಿರ ಪಂಚಿಂಗ್ ಟೂಲ್ ಇತ್ತು, ಟೆಸ್ಟರ್ ಇತ್ತು. ಸಾಕೆಟ್ ಬಿಚ್ಚಿದರೆ ನೀಲಿ ಜೋಡಿ, ಕಂದು ಜೋಡಿ ಎರಡೂ ಹಿಂದೆ ಮಡಚಿ ಕೂತಿದ್ದವು. ಎರಡೂ ತುದಿಗೆ ಟಿ568ಬಿ ಬಣ್ಣದ ಕ್ರಮದಲ್ಲಿ ಮತ್ತೆ ಕೂರಿಸಿ, ಟೆಸ್ಟರ್‌ನಲ್ಲಿ ಎಂಟೂ ದೀಪ ಸಾಲಾಗಿ ಹತ್ತುವುದನ್ನು ತೋರಿಸಿದ ಮೇಲೇ ದುಡ್ಡು ತೆಗೆದುಕೊಂಡ. ನೀವೂ ಎಂಟು ದೀಪ ನೋಡದೆ ಯಾರಿಗೂ ದುಡ್ಡು ಕೊಡಬೇಡಿ. ಟೆಸ್ಟರ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಚುಚ್ಚಿ ಎತರ್‌ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಅಲ್ಲಿ 100 ಅಂತಿದ್ದರೆ ಎಲ್ಲೋ ಒಂದು ಎಳೆ ಕೈಕೊಟ್ಟಿದೆ ಅಂತಲೇ ಲೆಕ್ಕ. ಲ್ಯಾಪ್‌ಟಾಪ್‌ನ ಪೋರ್ಟ್ ಗಿಗಾಬಿಟ್ ಇರಬೇಕು, ಅಷ್ಟೇ.

ಸ್ವಿಚ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಅದರ ಒಳ್ಳೆಯ ಗುಣ. ಸೆಟ್ಟಿಂಗ್ ಇಲ್ಲ, ಆ್ಯಪ್ ಇಲ್ಲ, ಫ್ಯಾನ್ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಪ್ಲಾಸ್ಟಿಕ್ ಡಬ್ಬಿ. ಕೊಳ್ಳುವಾಗ ಹೆಸರಿನ ಕೊನೆಯ 'ಜಿ' ಇದೆಯಾ ನೋಡಿ, ಜಿ ಇಲ್ಲದ ಎಲ್‌ಎಸ್1005 ಬರೀ 100 ಎಂಬಿಪಿಎಸ್‌ದು, ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಇದರಲ್ಲಿ ಪಿಒಇ ಇಲ್ಲ, ಅಂದರೆ ಲ್ಯಾನ್ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡಲು ಆಗಲ್ಲ.

ನನಗೆ ನಿಜವಾಗಿ ತಲೆ ತಿಂದಿದ್ದು ಬಾಕ್ಸ್‌ನಲ್ಲಿ ಪ್ಲಗ್ ಪಾಯಿಂಟ್ ಇಲ್ಲದ್ದು. ಅದಕ್ಕೆ ಬೇರೆ ಪೈಪಿನಲ್ಲಿ ಹೊಸ ಲೈನ್ ಎಳೆಸಬೇಕಾಯಿತು, ಲ್ಯಾನ್ ಕೇಬಲ್ ಇರುವ ಪೈಪಿನಲ್ಲೇ ಕರೆಂಟ್ ವೈರ್ ತೂರಿಸಲು ಮಾತ್ರ ಒಪ್ಪಬೇಡಿ. ಕರೆಂಟ್ ಹೋದಾಗ ರೂಟರ್ ಮಿನಿ ಯುಪಿಎಸ್‌ನಲ್ಲಿ ಓಡುತ್ತಿದ್ದರೂ ಈ ಸ್ವಿಚ್‌ಗೆ ಕರೆಂಟ್ ಇಲ್ಲದಿದ್ದರೆ ರೂಮುಗಳಲ್ಲಿ ನೆಟ್ ಇರಲ್ಲ, ಆದ್ದರಿಂದ ಇದಕ್ಕೂ ಒಂದು ಬೇಕು, ಅಡಾಪ್ಟರ್ ಮೇಲಿನ ವೋಲ್ಟೇಜ್ ನೋಡಿ ತನ್ನಿ.

ಟಿವಿಗೆ ಲ್ಯಾನ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿದರೆ 90 ಚಿಲ್ಲರೆ ಬಂದರೆ ಗಾಬರಿ ಬೇಡ, ಬಹಳಷ್ಟು ಸ್ಮಾರ್ಟ್ ಟಿವಿಗಳ ಪೋರ್ಟೇ 100ದು. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ಸಾಕು ಅನ್ನುತ್ತದೆ, ಅಲ್ವಾ? ಹಳೆಯ ರೂಟರ್ ಇದ್ದರೆ ದೂರದ ರೂಮಿನ ಪಾಯಿಂಟಿಗೆ ಹಾಕಿ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ ಅದರ ಕೆಲಸ) ಇಡಿ, ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಕೊಡಿ, ಫೋನ್‌ಗಳಿಗೂ ಅಲ್ಲಿ ಒಳ್ಳೆಯ ಸಿಗ್ನಲ್ ಬರುತ್ತದೆ.

ಐದು ಪೋರ್ಟಿನಲ್ಲಿ ಒಂದು ಹಾಲ್‌ನಿಂದ ಬರುವ ಲೈನಿಗೇ ಹೋಗುತ್ತದೆ ಅನ್ನುವುದು ನೆನಪಿರಲಿ. ಹಾಲ್‌ನದು ಬಿಟ್ಟು ನಾಲ್ಕಕ್ಕಿಂತ ಜಾಸ್ತಿ ಪಾಯಿಂಟ್ ಇದ್ದರೆ ಎಂಟು ಪೋರ್ಟಿನ ಎಲ್‌ಎಸ್1008ಜಿ ನೋಡಿ. ನಮ್ಮ ಮನೆಯಲ್ಲಿ ಮೂರು ರೂಮಿಗೆ ಕೊಟ್ಟು ಒಂದು ಪೋರ್ಟ್ ಇನ್ನೂ ಖಾಲಿ ಇದೆ.