ಹೋರಿಗೊಂದು ಟ್ರೆವಿಸ್: 14 ತಿಂಗಳ ಬಳಕೆಯ ಮೇಲೆ

ಭಾಲ್ಕಿ ತಾಲ್ಲೂಕಿನ ನಮ್ಮ ಹೊಲದ ಕೊಟ್ಟಿಗೆಯಲ್ಲಿ ಬೀಜಕ್ಕೆಂದು ಇಟ್ಟುಕೊಂಡಿರುವ ದೇವಣಿ ತಳಿಯ ಹೋರಿಗಾಗಿ ಕಳೆದ ವರ್ಷ ಒಂದು ಕಬ್ಬಿಣದ ಟ್ರೆವಿಸ್ ಮಾಡಿಸಿದೆವು. ದನದ ಆಸ್ಪತ್ರೆಯ ಅಂಗಳದಲ್ಲಿ ಎಲ್ಲರೂ ನೋಡಿರುವ, ನಾಲ್ಕು ಕಂಬಗಳಿಗೆ ಅಡ್ಡಪೈಪು ಬೆಸೆದ ಚೌಕಟ್ಟೇ ಅದು. ದನವನ್ನು ಒಳಗೆ ಹೊಗಿಸಿ, ಹಿಂದೆ ಮುಂದೆ ಅಡ್ಡ ಹಾಕಿ, ಸೂಜಿ ಹಾಕುವುದಕ್ಕೋ ಗೊರಸು ನೋಡುವುದಕ್ಕೋ ಅಲ್ಲಾಡದಂತೆ ನಿಲ್ಲಿಸುತ್ತಾರೆ. ಸಿದ್ಧವಾದದ್ದನ್ನು ಕೊಳ್ಳದೆ ಹೆದ್ದಾರಿ ಬದಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದರಿಂದ ಅದರ ಗುಣದೋಷಗಳಲ್ಲಿ ಅರ್ಧ ಪಾಲು ನಮ್ಮದೂ ಹೌದು. ಆ ಕಾರಣಕ್ಕೆ ಅಂಗಡಿಯ ಹೆಸರು ಬರೆಯುತ್ತಿಲ್ಲ. ಇಂಥದ್ದನ್ನು ಮಾಡಿಸಲು ಹೊರಟವರು ಏನು ಕೇಳಿ ಮಾಡಿಸಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಟ್ರೆವಿಸ್ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಈ ಹೋರಿ ಹುಟ್ಟಿದ ಎರಡು ವಾರದೊಳಗೆ ಅದರ ತಾಯಿ ಸತ್ತಿತು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದೆವು. ಮನೆಯ ಮಕ್ಕಳು ಅದರ ಹಣೆಗೆ ಅಂಗೈ ಒತ್ತಿ ಹಿಂದಕ್ಕೆ ನೂಕುವುದು, ಅದು ತಲೆ ತಗ್ಗಿಸಿ ಮುಂದಕ್ಕೆ ನೂಕುವುದು ದಿನಾ ಸಂಜೆಯ ಆಟವಾಗಿತ್ತು. ಮೂರು ತಿಂಗಳ ಕರು ಹಾಗೆ ಮಾಡಿದರೆ ನೋಡಿದವರು ನಗುತ್ತಾರೆ. ಮೂರು ವರ್ಷದ, ಐದು ಕ್ವಿಂಟಲ್ ದಾಟಿದ ಹೋರಿ ಅದೇ ಆಟಕ್ಕೆ ಕರೆದರೆ ನಗುವವರು ಯಾರೂ ಇರುವುದಿಲ್ಲ. ದನಗಳ ನಡುವೆ, ತಾಯಿಯ ಹಿಂದೆ ಬೆಳೆದ ಹೋರಿ ಮನುಷ್ಯನಿಂದ ತುಸು ದೂರವನ್ನು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಒಂಟಿಯಾಗಿ ಮನುಷ್ಯರ ಕೈಯಲ್ಲಿ ಬೆಳೆದದ್ದು ಮನುಷ್ಯನನ್ನೂ ಇನ್ನೊಂದು ಹೋರಿಯೆಂದೇ ಎಣಿಸಿ, ಪ್ರಾಯಕ್ಕೆ ಬಂದ ಮೇಲೆ ಬಲಾಬಲ ನೋಡಲು ಬರುತ್ತದೆ. ‘ನಮ್ಮ ಹೋರಿ ಬಹಳ ಸಾಧು’ ಎಂದು ಊರಿಗೆಲ್ಲ ಹೇಳಿಕೊಂಡು ಬಂದ ನಮಗೆ ಇದು ತಿಳಿದದ್ದು ತಡವಾಗಿ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಕಾಕಾ ಗೋದಲಿಗೆ ಕಣಕಿ ಹಾಕಲು ಹೋಗಿ ಗೋಡೆಗೂ ಹೋರಿಗೂ ನಡುವೆ ನಿಂತರು. ಹೋರಿ ಕೋಡಿನಿಂದ ಹಾಯಲಿಲ್ಲ, ಒದೆಯಲಿಲ್ಲ. ಹಣೆಯನ್ನು ಅವರ ಪಕ್ಕೆಗೆ ಇಟ್ಟು ಗೋಡೆಗೆ ಒತ್ತಿತು, ಅಷ್ಟೇ. ಮೂರು ಪಕ್ಕೆಲುಬು ಮುರಿದವು. ಹೊರಗೆ ಹನಿ ರಕ್ತವೂ ಕಾಣಲಿಲ್ಲವಾದ್ದರಿಂದ ಮಧ್ಯಾಹ್ನದವರೆಗೆ ಮನೆಯಲ್ಲೇ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಇದು ದೊಡ್ಡ ತಪ್ಪು. ದನ ಒತ್ತಿದ ಅಥವಾ ಗುಮ್ಮಿದ ಪೆಟ್ಟಿನಲ್ಲಿ ಚರ್ಮ ಹರಿಯದೆಯೂ ಒಳಗೆ ರಕ್ತ ಸೋರುತ್ತಿರಬಹುದು. ಆಸ್ಪತ್ರೆಯಿಂದ ಬಂದ ಮೇಲೆ ಕಾಕಾ ಹೇಳಿದ್ದು ಇಷ್ಟೇ: “ಅದು ಸಿಟ್ಟಿಗೆ ಬಂದಿದ್ದಿಲ್ಲಪಾ, ಆಟಕ್ಕ ಬಂದಿತ್ತು.”

ಸಿಟ್ಟಿಗೆ ಬಂದ ಹೋರಿ ಮುನ್ಸೂಚನೆ ಕೊಡುತ್ತದೆ. ಎದುರಿಗೆ ಬಾರದೆ ಅಡ್ಡಡ್ಡ ತಿರುಗಿ ತನ್ನ ಮೈಯ ಗಾತ್ರ ತೋರಿಸುವುದು, ಕತ್ತು ಸೆಟೆಸಿ ತಲೆ ತಗ್ಗಿಸುವುದು, ಮುಂಗಾಲಿನಿಂದ ಮಣ್ಣು ಕೆರೆದು ಬೆನ್ನಿಗೆ ತೂರಿಕೊಳ್ಳುವುದು, ಗಂಟಲಲ್ಲೇ ಗುಟುರು ಹಾಕುವುದು ಇವೆಲ್ಲ ದನ ಕಾಯ್ದವರಿಗೆ ಗೊತ್ತಿರುವ ಚಿಹ್ನೆಗಳು. ಆಗ ಬೆನ್ನು ತಿರುಗಿಸಿ ಓಡದೆ, ಅದರ ಮೇಲೆ ಕಣ್ಣಿಟ್ಟು, ಹಿಂದಕ್ಕೆ ಹೆಜ್ಜೆಯಿಡುತ್ತ ಬೇಲಿಯನ್ನೋ ಬಂಡಿಯನ್ನೋ ನಡುವೆ ತಂದುಕೊಳ್ಳಬೇಕು. ಆಟಕ್ಕೆ ಬಂದ ಹೋರಿಯಲ್ಲಿ ಇವು ಯಾವುವೂ ಇಲ್ಲದಿರಬಹುದು. ಕಾಕಾನ ಘಟನೆಯ ನಂತರ ಕಾಲುಬಾಯಿ ಬೇನೆಯ ಲಸಿಕೆಗೆ ಬಂದವರು ಗೂಟಕ್ಕೆ ಕಟ್ಟಿದ ಹೋರಿಯ ಹತ್ತಿರ ಹೋಗಲು ಒಪ್ಪಲಿಲ್ಲ. ಅವರದ್ದು ತಪ್ಪೆನ್ನಲಾಗದು. ಆ ಲಸಿಕೆ ವರ್ಷಕ್ಕೆ ಎರಡು ಸಲ ಬರುವಂಥದ್ದು. ಪ್ರತಿ ಸಲ ಐದು ಜನ ಸೇರಿ ಹೋರಿಯನ್ನು ನೆಲಕ್ಕೆ ಕೆಡವುವುದು ಆಗದ ಮಾತು.

ಸಿದ್ಧ ಟ್ರೆವಿಸ್‌ಗಳನ್ನು ಎರಡು ಕಡೆ ನೋಡಿದೆವು. ಎರಡೂ ಕಡೆ ಇದ್ದದ್ದು ಆಕಳು, ಎಮ್ಮೆಗಳ ಅಳತೆಯವು. ಭುಜ ಅಗಲವಾದ, ಇಣಿ (ಬೆನ್ನಿನ ಡುಬ್ಬ) ಎತ್ತರವಾದ ದೇವಣಿ ಹೋರಿ ಅವುಗಳಲ್ಲಿ ಹೊಗುವುದೇ ಕಷ್ಟ, ಹೊಕ್ಕರೆ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಕೊನೆಗೆ ಒಳಗಿನ ಅಗಲ 30 ಇಂಚು, ಉದ್ದ 7 ಅಡಿ, ನೆಲದಿಂದ ಕಂಬದ ಎತ್ತರ ಐದೂವರೆ ಅಡಿ ಎಂದು ಬರೆದುಕೊಟ್ಟೆವು. ಪೈಪು ಎರಡು ಇಂಚಿನದು, ಮಧ್ಯಮ ದಪ್ಪದ್ದು, ಅಂದರೆ ಗೋಡೆಯ ದಪ್ಪ 3.6 ಮಿಲಿಮೀಟರ್. ಮಿಸ್ತ್ರಿ ಮೊದಲು ತೋರಿಸಿದ ಒಂದೂವರೆ ಇಂಚಿನ ತೆಳು ಪೈಪಿಗೆ ನಾವು ಒಪ್ಪಲಿಲ್ಲ, ಆ ಹಟ ಸರಿಯೇ ಆಯಿತು: 14 ತಿಂಗಳಲ್ಲಿ ಒಂದೂ ಅಡ್ಡಪೈಪು ಬಾಗಿಲ್ಲ. ಒಟ್ಟು ಸುಮಾರು ಒಂದೂವರೆ ಕ್ವಿಂಟಲ್ ಕಬ್ಬಿಣ. ಬೆಸುಗೆ, ಬಣ್ಣ, ಸಾಗಾಟ ಸೇರಿ 27,500 ರೂಪಾಯಿ ಕೊಟ್ಟೆವು. ಬೆಸುಗೆ ಚೆನ್ನಾಗಿದೆ. ಪೈಪಿನ ತೆರೆದ ತುದಿಗಳನ್ನು ಮುಚ್ಚಿ ಉಜ್ಜಿ ನುಣುಪು ಮಾಡಿ ಕೊಟ್ಟಿದ್ದಾರೆ, ಕೇಳದೆಯೇ. ಬಣ್ಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಂದೇ ಮಳೆಗಾಲಕ್ಕೆ ಎದ್ದುಹೋಯಿತು.

ನೆಲದ ವಿಷಯದಲ್ಲಿ ಅಂಗಡಿಯವರನ್ನು ನಂಬಿ ಕೆಟ್ಟೆವು. ಕಂಬಗಳನ್ನು ಎರಡೂವರೆ ಅಡಿ ಹೂತು ಕಾಂಕ್ರೀಟು ಹಾಕಿದರೆ ಸಾಕು ಎಂದರು. ಬೀದರ, ಹುಮನಾಬಾದ ಕಡೆಯ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಅದು ಸಾಕಾದೀತು. ನಮ್ಮದು ಮಾಂಜ್ರಾ ದಂಡೆಯ ಎರೆ ಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಅಂಗೈ ತೂರುವಷ್ಟು ಅಗಲಕ್ಕೆ ಬಿರಿಯುವ ಮಣ್ಣು. ಏಪ್ರಿಲ್ ತಿಂಗಳ ಹೊತ್ತಿಗೆ ಹಿಂದಿನ ಎರಡು ಕಂಬಗಳು ಕಾಂಕ್ರೀಟಿನ ಸಮೇತ ಅಲುಗಾಡತೊಡಗಿದವು, ಹಲ್ಲು ಸಡಿಲವಾದ ಹಾಗೆ. ಕಂಬ ಅಲುಗುತ್ತದೆ ಎಂಬುದನ್ನು ಹೋರಿ ನಮಗಿಂತ ಮೊದಲು ತಿಳಿದುಕೊಂಡಿತು. ಒಳಗೆ ನಿಂತಾಗಲೆಲ್ಲ ಅದೇ ಕಂಬಕ್ಕೆ ಮೈ ಒತ್ತುತ್ತಿತ್ತು. ಆಮೇಲೆ ಊರಿನ ಗೌಂಡಿಯನ್ನು ಕರೆಸಿ, ನಾಲ್ಕು ಅಡಿ ಆಳಕ್ಕೆ ಎರೆ ಮಣ್ಣು ತೆಗೆಸಿ, ಮುರುಮು ತುಂಬಿ ದಮ್ಮಸು ಮಾಡಿಸಿ, ನಾಲ್ಕೂ ಕಂಬಗಳ ಬುಡವನ್ನು ಒಂದೇ ಕಾಂಕ್ರೀಟಿನ ಪಟ್ಟಿಯಿಂದ ಕೂಡಿಸಿದೆವು. ಇದಕ್ಕೆ ಬೇರೆ 9,000 ರೂಪಾಯಿ ಹೋಯಿತು. ನೆಲದ ಮೇಲಿನ ಕಾಂಕ್ರೀಟನ್ನು ನುಣ್ಣಗೆ ತೀಡಿಸದೆ ಗೀರು ಹಾಕಿಸಿದ್ದು ಆ ಗೌಂಡಿಯ ಬುದ್ಧಿ. ಜಾರುವ ನೆಲದಲ್ಲಿ ಕಾಲು ತಪ್ಪಿದ ಹೋರಿ ಗಾಬರಿ ಬೀಳುತ್ತದೆ, ಗಾಬರಿಬಿದ್ದ ಹೋರಿ ಕಬ್ಬಿಣ ನೋಡುವುದಿಲ್ಲ.

ಈಗ ಮುಖ್ಯ ದೋಷಕ್ಕೆ ಬರುತ್ತೇನೆ. ಮುಂದಿನ ಗೇಟಿಗೆ ಮೇಲಿನಿಂದ ಇಳಿಸುವ ಕೊಂಡಿ ಹಾಕಿದ್ದರು. ಕೋಡಿರುವ ಪ್ರಾಣಿ ಕೆಳಗಿನಿಂದ ಮೇಲಕ್ಕೆ ತಲೆ ಎತ್ತುತ್ತದೆ. ಮೇಲಕ್ಕೆ ಎತ್ತಿದರೆ ಬಿಚ್ಚುವ ಕೊಂಡಿಯನ್ನು ಅದರ ತಲೆಯ ಮಟ್ಟದಲ್ಲಿ ಇಡಬಾರದೆಂದು ನಮಗೂ ಹೊಳೆದಿರಲಿಲ್ಲ. ನಾಲ್ಕನೆಯ ಸಲ ಹೋರಿಯನ್ನು ನಿಲ್ಲಿಸಿ ನಾನು ಮುಂದೆ ನಿಂತು ಮೂಗುದಾರ ಬಿಗಿಯುತ್ತಿದ್ದಾಗ, ಅದು ಕತ್ತು ಉಜ್ಜುತ್ತ ಕೋಡಿನ ಬುಡದಿಂದ ಕೊಂಡಿಯನ್ನು ಟಣ್ಣೆಂದು ಎತ್ತಿಬಿಟ್ಟಿತು. ಗೇಟಿನ ಪೈಪು ನನ್ನ ರಟ್ಟೆಗೆ ಬಡಿಯಿತು. ಮೂಗುದಾರದ ಹಗ್ಗ ಅಡ್ಡಪೈಪಿಗೆ ಒಂದು ಸುತ್ತು ಬಿದ್ದಿತ್ತಾದ್ದರಿಂದ ಹೋರಿ ಹೊರಗೆ ಬರಲಿಲ್ಲ, ಇಲ್ಲದಿದ್ದರೆ ಈ ವಿಮರ್ಶೆಯನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಅಂಗಡಿಗೆ ಹೋಗಿ ಹೇಳಿದಾಗ ಬಂದ ಉತ್ತರ: “ಎಮ್ಮಿಗಿ ಹಿಂಗೇ ಮಾಡಿ ಕೊಡ್ತೀವ್ರಿ ಅಣ್ಣಾರ, ಇಲ್ಲೀತನಕ ಯಾರೂ ಏನೂ ಅಂದಿಲ್ಲ.” ಎರಡು ಸಲ ಅಲೆದು, ಮೂರು ವಾರ ಕಾದ ಮೇಲೆ ದುಡ್ಡು ಕೇಳದೆ ಬಂದು ಪಕ್ಕಕ್ಕೆ ಸರಿಯುವ ಚಿಲಕ ಹಾಕಿಕೊಟ್ಟರು, ಚಿಲಕದ ತೂತಿಗೆ ಒಂದು ಪಿನ್ನು, ಪಿನ್ನಿಗೆ ಸರಪಳಿ. ಆ ಮಟ್ಟಿಗೆ ಅವರ ಸೇವೆಯನ್ನು ಮೆಚ್ಚಬೇಕು.

ಹಿಂದಿನ ಅಡ್ಡವೂ ಹೀಗೆಯೇ. ಮೊದಲಿಗೆ ಅದನ್ನು ಎರಡು ಕೊಕ್ಕೆಗಳ ಮೇಲೆ ಎತ್ತಿಡುವಂತೆ ಮಾಡಿದ್ದರು. ಎತ್ತಿಡಬೇಕಾದವನು ಹೋರಿಯ ನೇರ ಹಿಂದೆ ನಿಲ್ಲಬೇಕು. ದನದ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಅದಕ್ಕೆ ಸುತ್ತಲಿನ ಹೆಚ್ಚು ಭಾಗ ಕಾಣುತ್ತದೆ, ಕಾಣದಿರುವುದು ಬಾಲದ ನೇರ ಹಿಂದೆ. ಕಾಣದ ಜಾಗದಲ್ಲಿ ಸಪ್ಪಳವಾದರೆ ಒದೆ ಬೀಳುತ್ತದೆ. ಈಗ ಎರಡು ಬಳೆಗಳ ಮೂಲಕ ಪಕ್ಕದಿಂದ ತೂರಿಸುವ ಪೈಪು ಹಾಕಿಸಿದ್ದೇವೆ. ಅದರಲ್ಲೂ ಒಂದು ಎಚ್ಚರ ಬೇಕು: ಎರಡನೆಯ ಬಳೆಗೆ ಹೊಗುವ ಮುನ್ನ ಹೋರಿ ಹಿಂದೆ ಸರಿದರೆ ಪೈಪು ಬೀಸಿ ಬರುತ್ತದೆ, ಆದ್ದರಿಂದ ಕೈ ಪೈಪಿನ ತುದಿಯಲ್ಲಿರಬೇಕೇ ಹೊರತು ಬಳೆಗೂ ದನಕ್ಕೂ ನಡುವೆ ಅಲ್ಲ.

ಈ ಎರಡೂ ದೋಷಗಳ ಬೇರು ಒಂದೇ ಎಂದು ನನಗೆ ಅನಿಸುತ್ತದೆ. ಮಿಸ್ತ್ರಿಯೂ ನಾವೂ ಅಳತೆ ತೆಗೆದದ್ದು ಹೋರಿಯದು. ಮನುಷ್ಯ ಎಲ್ಲಿ ನಿಲ್ಲುತ್ತಾನೆ, ಅವನ ಕೈ ಎಲ್ಲಿರುತ್ತದೆ, ಕೆಟ್ಟರೆ ಯಾವ ಕಡೆ ಪಾರಾಗುತ್ತಾನೆ ಎಂಬುದರ ಅಳತೆ ಯಾರೂ ತೆಗೆಯಲಿಲ್ಲ. ಕೊಟ್ಟಿಗೆಯಿಂದ ಟ್ರೆವಿಸ್‌ವರೆಗಿನ ಓಣಿಗೆ ಎರಡು ಬದಿ ಪೈಪಿನ ಬೇಲಿ ಹಾಕಿಸಿದಾಗ ಈ ಬುದ್ಧಿ ಬಂದಿತ್ತು: ನಡುವೆ ಎರಡು ಕಡೆ 14 ಇಂಚಿನ ಸಂದು ಬಿಡಿಸಿದೆವು. ಮನುಷ್ಯ ಅಡ್ಡ ತಿರುಗಿ ಅದರಲ್ಲಿ ನುಸುಳುತ್ತಾನೆ, ಹೋರಿಯ ಭುಜ ನುಸುಳುವುದಿಲ್ಲ. ಒಟ್ಟು ಖರ್ಚಿನಲ್ಲಿ ದುಡ್ಡೇ ಬೇಡದ ಭಾಗ ಇದೊಂದೇ, ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದೂ ಇದೇ.

ಬಳಕೆಯ ಬಗ್ಗೆ ಹೇಳುವುದಾದರೆ, ದೋಷ ತಿದ್ದಿದ ಮೇಲೆ ಟ್ರೆವಿಸ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಲಸಿಕೆ ಎರಡು ಸುತ್ತು ಆಯಿತು, ಪ್ರತಿ ಸಲ ಐದು ನಿಮಿಷ ಹಿಡಿಯಲಿಲ್ಲ. ಮುಂಗಾಲಿನ ಗೊರಸಿಗೆ ಗಾಯವಾದಾಗ 1962ಕ್ಕೆ ಫೋನು ಮಾಡಿ ಕರೆಸಿದ ಪಶು ಸಂಜೀವಿನಿ ವಾಹನದ ಡಾಕ್ಟರು ಟ್ರೆವಿಸ್ ನೋಡಿಯೇ ಕೆಲಸಕ್ಕೆ ಕೈಹಾಕಿದರು. ಮೊದಮೊದಲು ಹೋರಿ ಒಳಗೆ ಹೊಗಲು ಮೊಂಡು ಹಿಡಿಯುತ್ತಿತ್ತು. ಚೌಕಟ್ಟನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದ್ದೆವು, ಮುಂಜಾನೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಜೊತೆಗೆ ಅಡ್ಡಪೈಪುಗಳ ನೆರಳು ನೆಲದ ಮೇಲೆ ಗೆರೆಗೆರೆಯಾಗಿ ಬೀಳುತ್ತಿತ್ತು. ಈಗ ಸಂಜೆ ಹೊತ್ತು ಹೊಗಿಸುತ್ತೇವೆ, ಎರಡು ಬದಿಗೂ ಗೋಣಿತಟ್ಟು ಕಟ್ಟಿ ಹೊರಗಿನವರ ಓಡಾಟ ಕಾಣದಂತೆ ಮಾಡಿದ್ದೇವೆ, ಕೆಲಸವಿಲ್ಲದ ದಿನವೂ ವಾರಕ್ಕೊಮ್ಮೆ ಒಳಗೆ ಕರೆದು ಹಿಂಡಿ ತಿನ್ನಿಸಿ ಬಿಡುತ್ತೇವೆ. ಕತ್ತಿಗೆ ಹಗ್ಗ ಬಿಗಿಯುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟನ್ನೇ ಹಾಕಬೇಕು. ಒಳಗೆ ಮೊಣಕಾಲೂರಿ ಕುಸಿದರೆ ಬಿಗಿಗಂಟು ಉಸಿರು ಕಟ್ಟಿಸುತ್ತದೆ.

ಟ್ರೆವಿಸ್ ಮಾಡದ ಕೆಲಸವೂ ಇದೆ. ಅದು ಹೋರಿಯನ್ನು ನಿಲ್ಲಿಸುತ್ತದೆ, ಕರೆತರುವುದಿಲ್ಲ. ಗೂಟದಿಂದ ಬಿಚ್ಚಿ ಓಣಿಗೆ ತರುವ ಆ ಮೂವತ್ತು ಹೆಜ್ಜೆಗಳಲ್ಲಿ ಇಬ್ಬರು ಇರಲೇಬೇಕು. ಒಬ್ಬನ ಕೈಯಲ್ಲಿ ಮೂಗುದಾರ, ಇನ್ನೊಬ್ಬನ ಕೈಯಲ್ಲಿ ಕತ್ತಿನ ಹಗ್ಗ, ಯಾರೂ ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬಾರದು. ಪಕ್ಕದಲ್ಲಿ ಬೆದೆಗೆ ಬಂದ ಆಕಳಿದ್ದ ದಿನ ಆ ಕೆಲಸವನ್ನೇ ಮುಂದೂಡುತ್ತೇವೆ. ಕಾರಹುಣ್ಣಿಮೆಯ ದಿನ ಇದೇ ಹೋರಿಗೆ ಬಣ್ಣ ಬಳಿದು ಹಲಗೆಯ ಸದ್ದಿನ ನಡುವೆ ಓಡಿಸಬೇಕೆಂದು ಊರಿನ ಹುಡುಗರು ಕೇಳಿದ್ದರು. ಕೊಡಲಿಲ್ಲ, ಅವರ ಮುನಿಸು ಇನ್ನೂ ಹೋಗಿಲ್ಲ.

ಎರಡು ಆಕಳು ಕಟ್ಟಿಕೊಂಡವರಿಗೆ ಇಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ, ಊರಿನ ಪಶು ಆಸ್ಪತ್ರೆಯ ಟ್ರೆವಿಸ್ ಸಾಕು. ಬೀಜದ ಹೋರಿ ಇಟ್ಟವರು ಮಾಡಿಸಲೇಬೇಕು, ಆದರೆ 27,500 ಅಲ್ಲ, ನೆಲದ ಕೆಲಸ ಸೇರಿ 36,500 ಎಂದು ಲೆಕ್ಕ ಹಿಡಿಯಬೇಕು. ಓಣಿಯ ಬೇಲಿಯ ಖರ್ಚು ಇದರ ಮೇಲೆ. ಐದಕ್ಕೆ ಕಬ್ಬಿಣಕ್ಕೆ ನಾಲ್ಕೂವರೆ, ವಿನ್ಯಾಸಕ್ಕೆ ಎರಡು, ಮಾರಿದ ಮೇಲಿನ ಸೇವೆಗೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ತಿಂಗಳು ಪಕ್ಕದ ಊರಿನವರೊಬ್ಬರು ಅದೇ ಅಂಗಡಿಯಲ್ಲಿ ಮಾಡಿಸಿದ ಟ್ರೆವಿಸ್ ನೋಡಿ ಬಂದೆ. ಅದಕ್ಕೂ ಮೇಲಿನಿಂದ ಇಳಿಸುವ ಕೊಂಡಿಯೇ ಇತ್ತು. ಪಕ್ಕಕ್ಕೆ ಸರಿಯುವ ಚಿಲಕವನ್ನು ಕೇಳಿದವರಿಗೆ ಮಾತ್ರ ಹಾಕುತ್ತಾರಂತೆ. ಮುಂಗಡ ಕೊಡುವ ಮುನ್ನ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.