ರಿಪ್ಲೇ ಕಣ್ಣಲ್ಲಿ ನೋಡೋದಾ, ಸ್ಕ್ರಿಪ್ಟಿಗೆ ಕೊಡೋದಾ?

ಭಾನುವಾರ ಬಂತೆಂದರೆ ಮೈಸೂರು, ಮಂಡ್ಯದ ನಮ್ಮ ಗೆಳೆಯರ ಗುಂಪಿನಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಅನ್ನೋ ಯುದ್ಧತಂತ್ರದ ಕಂಪ್ಯೂಟರ್ ಗೇಮ್ ಶುರು. ಯಾರು ಸ್ಕೌಟ್‌ನಿಂದ (ಕುದುರೆ ಸವಾರ) ಶುರು ಮಾಡುತ್ತಾರೆ, ಯಾರು ಆರ್ಚರ್‌ನಿಂದ (ಬಿಲ್ಲುಗಾರ) ಅನ್ನೋ ವಾದಕ್ಕಂತೂ ಕೊನೆಯಿಲ್ಲ. ಅದಕ್ಕೇ ಎಲ್ಲರ ರಿಪ್ಲೇಗಳನ್ನೂ (ಆಡಿದ ಆಟವನ್ನು ಮತ್ತೆ ನೋಡೋಕೆ ಗೇಮ್ ಉಳಿಸಿಡುವ ಫೈಲು) ಕುವೆಂಪುನಗರದ ನನ್ನ ಕಂಪ್ಯೂಟರಿಗೆ ತರಿಸಿಕೊಂಡು ಎರಡು ದಾರಿಯಲ್ಲೂ ನೋಡಿದೆ. ಒಂದು, ಗೇಮಿನಲ್ಲೇ ಜೋರಾಗಿ ಓಡಿಸಿ ಎಕ್ಸೆಲ್‌ನಲ್ಲಿ ಬರೆದುಕೊಳ್ಳೋದು. ಇನ್ನೊಂದು, ಈ ಫೈಲನ್ನು ಓದುವ ಪೈಥಾನ್‌ನ ‘ಎಂಜಿಝಡ್’ ಲೈಬ್ರರಿ ಬಳಸಿ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಮ್) ಬರೆಯೋದು.

ವೇಗದಲ್ಲಿ ಸ್ಕ್ರಿಪ್ಟಿಗೆ ಸಾಟಿಯಿಲ್ಲ. ಫ್ಯೂಡಲ್ ಏಜ್‌ಗೆ (ಆಟದ ಎರಡನೇ ಯುಗ) ಹೋಗಲು ಬಟನ್ ಒತ್ತಿದ ಹೊತ್ತು ಸೆಕೆಂಡ್ ಸಮೇತ ಸಿಗುತ್ತದೆ. ಅದಕ್ಕೆ 130 ಸೆಕೆಂಡ್ ಸೇರಿಸಿದರೆ ಏಜ್ ತಲುಪಿದ ಸಮಯ. ಮಲಯ್ ನಾಗರಿಕತೆ ಆರಿಸಿ ಆಡಿದವರಿಗೆ ಈ ಲೆಕ್ಕ ನಡೆಯಲ್ಲ, ಅವರದು ಬೇಗ ಮುಗಿಯುತ್ತದೆ.

ತೊಂದರೆ ಇರೋದು ಫೈಲಿನಲ್ಲೇ. ಅದರಲ್ಲಿರೋದು ಆಟಗಾರ ಕೊಟ್ಟ ಆಜ್ಞೆಗಳು, ಆಟದಲ್ಲಿ ಆದದ್ದಲ್ಲ. ದರ್ಶಿನಿಯಲ್ಲಿ ಟೋಕನ್ ತಗೊಂಡ ಮಾತ್ರಕ್ಕೆ ದೋಸೆ ಪ್ಲೇಟಿಗೆ ಬಂತು ಅಂತಲ್ಲ, ಅಲ್ವಾ? ಆಟದಲ್ಲಿ ಮನೆ ಸಾಲದೆ ಸ್ಕೌಟ್ ತಯಾರಿ ನಿಂತುಬಿಟ್ಟರೂ ಸ್ಕ್ರಿಪ್ಟಿಗೆ ಕಾಣೋದು ಆರ್ಡರ್ ಮಾತ್ರ.

ಮಂಡ್ಯದ ಗೆಳೆಯನ ಒಂದು ಆಟ ನೋಡಿ. ಸ್ಟೇಬಲ್‌ಗೆ (ಸ್ಕೌಟ್ ತಯಾರಾಗುವ ಲಾಯ) ಅಡಿಪಾಯ ಹಾಕಿದ. ಎದುರಾಳಿ ಕುದುರೆಗಳಿಗೆ ಮಾರಕವಾದ ಈಟಿಯವರನ್ನು ತಯಾರು ಮಾಡೋದು ಕಣ್ಣಿಗೆ ಬಿತ್ತು. ತಕ್ಷಣ ಅಳಿಸಿ ಆರ್ಚರಿ ರೇಂಜ್ (ಆರ್ಚರ್ ತಯಾರಾಗುವ ಕಟ್ಟಡ) ಇಟ್ಟ. ಎರಡಕ್ಕೂ 175 ಮರವೇ, ಕಟ್ಟೋಕೆ ಶುರು ಮಾಡದ ಅಡಿಪಾಯದ ಮರ ವಾಪಸ್ ಬರುತ್ತದೆ, ನಷ್ಟವಿಲ್ಲ. ಮೊದಲ ಕಟ್ಟಡ ನೋಡುವ ಸ್ಕ್ರಿಪ್ಟ್ ಇದನ್ನು ‘ಸ್ಕೌಟ್’ ಅಂದಿತು. ಅಳಿಸಿದ ಆಜ್ಞೆಯೂ ಫೈಲಿನಲ್ಲಿದೆ, ಆದರೆ ಅದು ಯಾವ ಅಡಿಪಾಯದ್ದು ಅಂತ ನೇರವಾಗಿ ತಿಳಿಯೋದಿಲ್ಲ. ತೆರೆಯ ಮೇಲೆ ನೋಡಿದರೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಬ್ಯಾರಕ್ಸ್ (ಕಾಲಾಳುಗಳ ಕಟ್ಟಡ) ನೋಡಿ ಹೇಳೋಣವೆಂದರೆ, ಎರಡು ದಾರಿಗೂ ಅದು ಬೇಕೇ ಬೇಕು. ಕೊನೆಗೆ ಫ್ಯೂಡಲ್‌ನಲ್ಲಿ ಮೊದಲು ಆರ್ಡರ್ ಮಾಡಿದ ಸೈನಿಕ ಯಾರು ಅನ್ನೋದನ್ನೇ ನಿಯಮ ಮಾಡಿಕೊಂಡೆ. ಆಮೇಲೆ ಇಂಥ ಗೊಂದಲ ಬಹಳ ಕಡಿಮೆಯಾಯಿತು.

ಕುತೂಹಲಕ್ಕೆ ಇಂಥದೇ ಇನ್ನೊಂದು ಗೇಮ್ ‘ಸ್ಟಾರ್‌ಕ್ರಾಫ್ಟ್ 2’ರ ರಿಪ್ಲೇಗಳನ್ನೂ ‘ಎಸ್‌ಸಿ2ರೀಡರ್’ ಅನ್ನೋ ಪೈಥಾನ್ ಲೈಬ್ರರಿಗೆ ಕೊಟ್ಟೆ. ಅಲ್ಲಿ ಈ ಗೋಳಿಲ್ಲ. ಯಾವ ಯೂನಿಟ್ ಯಾವಾಗ ಹುಟ್ಟಿತು ಅನ್ನೋದು ಫೈಲಿನಲ್ಲೇ ದಾಖಲು. ಸಮಯದ ಲೆಕ್ಕ ಮಾತ್ರ ನೋಡಿಕೊಳ್ಳಬೇಕು: ‘ಫಾಸ್ಟರ್’ ವೇಗದಲ್ಲಿ ನಿಜವಾದ ಒಂದು ಸೆಕೆಂಡಿಗೆ 22.4 ಗೇಮ್ ಲೂಪ್ (ಗೇಮ್ ಸಮಯ ಎಣಿಸುವ ಚಿಕ್ಕ ಹೆಜ್ಜೆ), ‘ನಾರ್ಮಲ್’ ವೇಗದ 16 ಅಲ್ಲ.

ಕಣ್ಣಲ್ಲಿ ನೋಡೋದು ನಿಧಾನ, ಬೇಜಾರು ಕೂಡ. ಅಪ್‌ಡೇಟ್ ಬಂದ ಮೇಲೆ ಹಳೆ ರಿಪ್ಲೇ ಎಷ್ಟೋ ಸಲ ಗೇಮಿನಲ್ಲಿ ತೆರೆಯೋದೇ ಇಲ್ಲ. ಆದರೂ ಒಬ್ಬ ಯಾಕೆ ಮನಸ್ಸು ಬದಲಾಯಿಸಿದ ಅನ್ನೋದು ಅಲ್ಲೇ ಸಿಗೋದು. ಈಗ ನಾನು ಇಡೀ ಗುಂಪಿನ ಲೆಕ್ಕವನ್ನು ಸ್ಕ್ರಿಪ್ಟಿಗೆ ಬಿಟ್ಟಿದ್ದೇನೆ. ಮುಂದಿನ ಭಾನುವಾರ ಯಾರ ಎದುರು ಆಡಬೇಕೋ ಅವರ ಆಟ ಮಾತ್ರ ಕೂತು ನೋಡುತ್ತೇನೆ, ಅದೂ ಫ್ಯೂಡಲ್ ಮುಗಿಯುವವರೆಗೆ.